ಎಂಜಿನ್ನಿಗಾಗಿ ಚಿತ್ರಾನ್ನ ಬಿಟ್ಟವರು

ಸ್ಯಾನ್ ಡಿಯಾಗೊದ ನಮ್ಮ ಕನ್ನಡದವರ, ಮನೆಗೊಂದು ಅಡುಗೆ ತರುವ ಪಾಟ್‌ಲಕ್ ಊಟಗಳಲ್ಲಿ ಬಹಳ ವರ್ಷ ಒಂದು ಕಟ್ಟಳೆ ನಡೆದುಬಂದಿತ್ತು. ಅಂಕಲ್ ಬರುವವರಿದ್ದರೆ ಯಾರೂ ಚಿತ್ರಾನ್ನ ತರುವಂತಿಲ್ಲ. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಮಾಡಲು ಬರುವುದೇ ಚಿತ್ರಾನ್ನ ಒಂದು. ಪಾಪ, ಅವರು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಾಗ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕಾರಣ ಹೇಳಬೇಕಾಗುತ್ತಿತ್ತು. ಡಾಕ್ಟರು ಬೇಡ ಎಂದಿದ್ದಾರಾ ಎಂದು ಕೇಳುತ್ತಿದ್ದರು. ಅಲರ್ಜಿಯಾ ಎಂದು ಕೇಳುತ್ತಿದ್ದರು. ಎರಡೂ ಅಲ್ಲ, ಒಂದು ರೈಲ್ವೆ ಎಂಜಿನ್ನಿಗಾಗಿ ಬಿಟ್ಟಿದ್ದಾರೆ ಎಂದರೆ ನಮ್ಮನ್ನೇ ಅನುಮಾನದಿಂದ ನೋಡುತ್ತಿದ್ದರು.

ಆ ಅಂಕಲ್ ಹೋದ ತಿಂಗಳು ಫೋರ್ ಎಸ್ ರ್ಯಾಂಚ್ ಬಡಾವಣೆಯ ಮನೆ ಮಾರಿ, ಆಂಟಿಯನ್ನು ಕರೆದುಕೊಂಡು ಮಗಳ ಊರಿಗೆ ಹೊರಟುಹೋದರು. ಅವರು ಹೋದ ಮೇಲೆ ನಮ್ಮ ಬೀದಿ ಎಷ್ಟು ಸದ್ದಿಲ್ಲದ್ದಾಗಿದೆ ಎಂದರೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಅವರನ್ನು ಮೊದಲು ಕಂಡದ್ದು ೨೦೦೮ರಲ್ಲಿ, ರಾಂಚೊ ಬರ್ನಾರ್ಡೊದ ಆಫೀಸಿನಲ್ಲಿ. ನಾನು ಬೆಂಗಳೂರಿನಿಂದ ಬಂದು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಅವರು ಅಲ್ಲಿ ಹಳಬರು, ಹುಬ್ಬಳ್ಳಿಯ ಕಡೆಯವರು. ಪ್ರಿಂಟರಿನೊಳಗೆ ಕಾಗದ ಎಳೆದುಕೊಳ್ಳುವ ರಬ್ಬರಿನ ಪುಟ್ಟ ಗಾಲಿಗಳಿರುತ್ತವಲ್ಲ, ಅವುಗಳನ್ನು ಡಿಸೈನ್ ಮಾಡುವುದು ಅವರ ಕೆಲಸ. ಒಂದು ಸಲಕ್ಕೆ ಒಂದೇ ಹಾಳೆ ಎಳೆಯಬೇಕು, ಸಿಕ್ಕಿಹಾಕಿಕೊಳ್ಳಬಾರದು. ಇಷ್ಟಕ್ಕಾಗಿ ಆಯುಷ್ಯವೆಲ್ಲ ಸವೆಸಿದ ಮನುಷ್ಯನ ಮೇಜಿನ ಮುಂದಿನ ಗೋಡೆಯ ಮೇಲೆ ಜಗತ್ತಿನಲ್ಲೇ ಅತಿ ದೊಡ್ಡದೆನ್ನಬಹುದಾದ ಒಂದು ಉಗಿ ಎಂಜಿನ್ನಿನ ಫೋಟೊ ಇತ್ತು. ದೇವರ ಪಟಕ್ಕೆ ಹಾಕುವ ಹಾಗೆ ಅದಕ್ಕೊಂದು ಗಂಧದ ಹಾರ ಬೇರೆ.

"ಯಾರಾದರೂ ತೀರಿಕೊಂಡಿದ್ದಾರಾ ಸರ್?" ಎಂದು ಕೇಳಿದೆ. ಹಾರ ನೋಡಿ ಹಾಗೆ ಕೇಳಿದ್ದು.

"ತೀರಿಕೊಂಡಿಲ್ಲ ತಂಗಿ, ಮಲಗೇತಿ" ಎಂದರು. "ಸಂಜಿಗೆ ಹೆಂಗ ಮನಿಗೆ ಹೋಗ್ತಿ? ಕಾರಿಲ್ಲಲ್ಲ? ನನ್ನ ಕಾರಿನ್ಯಾಗ ಬಾ, ಎಲ್ಲಾ ಹೇಳತೀನಿ."

ಹೋದೆ. ಎಲ್ಲಾ ಹೇಳಿದರು. ಐ-ಹದಿನೈದು ಹೆದ್ದಾರಿಯ ಸಂಜೆಯ ಟ್ರಾಫಿಕ್ಕಿನಲ್ಲಿ ಬಾಗಿಲು ತೆಗೆದು ಇಳಿಯುವಂತೆಯೂ ಇರಲಿಲ್ಲ. ನಾನು ಡ್ರೈವಿಂಗ್ ಲೈಸೆನ್ಸಿಗೆ ಅಷ್ಟು ಬೇಗ ಅಪ್ಲೈ ಮಾಡಿದ್ದಕ್ಕೆ ಅಂಕಲ್ ಒಬ್ಬರೇ ಕಾರಣ.

ಆ ಎಂಜಿನ್ನಿನ ಹೆಸರು ಬಿಗ್ ಬಾಯ್. ಉದ್ದುದ್ದದ ಗೂಡ್ಸ್ ಗಾಡಿಗಳನ್ನು ಬೆಟ್ಟ ಹತ್ತಿಸಲು ಮಾಡಿದ್ದು. ಒಂದು ಎಂಜಿನ್ನಿನ ಕೈಲಿ ಆಗದ ಕೆಲಸವೆಂದು ಒಂದೇ ಬಾಯ್ಲರಿನ ಕೆಳಗೆ ಎರಡು ಎಂಜಿನ್ ಜೋಡಿಸಿದ್ದಾರೆ. ಹಿಂದಿನದು ಬಾಯ್ಲರಿಗೆ ಬಿಗಿಯಾಗಿ ಅಂಟಿಕೊಂಡಿದೆ. ಮುಂದಿನದಕ್ಕೆ ನಡುವೆ ಕೀಲು ಇದ್ದು, ತಿರುವು ಬಂದಾಗ ಅದೊಂದೇ ಅತ್ತಿತ್ತ ತಿರುಗಿಕೊಳ್ಳುತ್ತದೆ. ಈ ಕೀಲಿನ ವಿಷಯ ಬಂದಾಗ ಅಂಕಲ್ ಸ್ಟೀರಿಂಗ್ ಬಿಟ್ಟು ಎರಡೂ ಕೈಯಲ್ಲಿ ತೋರಿಸುತ್ತಿದ್ದರು. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

"ಸಂಸಾರ ಅಂದ್ರ ಇಷ್ಟ ನೋಡು ತಂಗಿ. ಎರಡ ಎಂಜಿನ್, ಒಂದ ಬಾಯ್ಲರ್" ಎಂದು ಒಂದು ದಿನ ಅವರ ಮನೆಯಲ್ಲಿ ಚಹಾ ಕುಡಿಯುವಾಗ ಹೇಳಿದರು.

ಒಳಗಿನಿಂದ ಆಂಟಿಯ ದನಿ ಬಂತು: "ಆ ಬಾಯ್ಲರ್ ನಾನ ಅದೀನಿ. ಕಾಯೂದು ಏನಂತ ನನಗ ಗೊತ್ತೈತಿ."

ಆಂಟಿಗೆ ಆ ಎಂಜಿನ್ ಸವತಿ. ಪೊಮೋನಾದ ಒಂದು ಮೈದಾನದಲ್ಲಿ, ಹಳೆಯ ರೈಲುಗಳನ್ನು ನಿಲ್ಲಿಸಿದ ಅಂಗಳದಲ್ಲಿ ಅದು ಎಷ್ಟೋ ಕಾಲದಿಂದ ನಿಂತಿತ್ತು. ಅಂಕಲ್ ಬಿಡುವಾದ ಶನಿವಾರವೆಲ್ಲ ಎರಡು ತಾಸು ಡ್ರೈವ್ ಮಾಡಿ ಅದನ್ನು ನೋಡಿಬರುತ್ತಿದ್ದರು. ಆಂಟಿ ಜೊತೆಗೆ ಹೋಗುತ್ತಿದ್ದರು, ಆದರೆ ಕಾರಿನಿಂದ ಇಳಿಯುತ್ತಿರಲಿಲ್ಲ. ಕಿಟಕಿ ಇಳಿಸಿಕೊಂಡು, ಊರಿನಿಂದ ಬಂದ ಹಳೆಯ ವಾರಪತ್ರಿಕೆ ಓದುತ್ತಾ ಕೂತಿರುತ್ತಿದ್ದರು. "ನಿಂತ ಗಾಡಿ ನೋಡಾಕ ನಾನ್ಯಾಕ ಇಳೀಬೇಕು? ಓಡಿದ್ರ ಹೇಳ್ರಿ, ಇಳೀತೀನಿ" ಎನ್ನುವುದು ಅವರ ವಾದ. ಅಮೆರಿಕದಲ್ಲೇ ಹುಟ್ಟಿದ ಮಗಳ ವಾದ ಇನ್ನೂ ಚಿಕ್ಕದು: "ಡ್ಯಾಡ್, ಇಟ್ಸ್ ಅ ಟ್ರೇನ್."

ಊರಿನಿಂದ ಯಾರ ಮನೆಗೆ ಯಾರ ಅಪ್ಪ ಅಮ್ಮ ಬಂದರೂ ಅಂಕಲ್ ತಮ್ಮ ಕಾರು ತೆಗೆದುಕೊಂಡು ಹಾಜರು. ಉಳಿದವರು ತೋರಿಸುವ ಕಡಲತೀರ, ಝೂ ಅವರಿಗೆ ಲೆಕ್ಕಕ್ಕಿಲ್ಲ. ಒಂದು ವರ್ಷ ದಸರೆಯ ಸಮಯದಲ್ಲಿ ನನ್ನ ಅತ್ತೆ ಮೈಸೂರಿನಿಂದ ಬಂದಿದ್ದರು. ಅವರಿಗೆ ಬರ್ಬ್ಯಾಂಕಿನಲ್ಲಿ ಸಿನಿಮಾ ಸ್ಟುಡಿಯೊ ನೋಡುವ ಆಸೆ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಸಿಗದ್ದಕ್ಕೆ ಬೇಸರಪಟ್ಟುಕೊಂಡು ತಯಾರಾಗಿದ್ದರು. "ಬರ್ಬ್ಯಾಂಕಿಗೆ ಹೋಗೂ ದಾರ್ಯಾಗ ಪೊಮೋನಾ ಐತ್ರಿ. ಐದ ನಿಮಿಷ" ಎಂದರು ಅಂಕಲ್. ಬರ್ಬ್ಯಾಂಕನ್ನು ನನ್ನ ಅತ್ತೆ ಇವತ್ತಿನವರೆಗೂ ನೋಡಿಲ್ಲ.

ಅತ್ತೆ ಎಂಜಿನ್ನಿನ ಮುಂದೆ ನಿಂತು ಕತ್ತೆತ್ತಿ ನೋಡಿದರು. ಅವರಿಗಿಂತ ಎತ್ತರದ ಗಾಲಿಗಳು, ಸಾಲಾಗಿ. ನಾನು ಅವರು ಬೈಯುತ್ತಾರೆಂದು ಕಾಯುತ್ತಿದ್ದೆ. ಅವರು ಪರ್ಸಿನಿಂದ ಕುಂಕುಮದ ಡಬ್ಬಿ ತೆಗೆದರು.

"ಇಷ್ಟು ದೊಡ್ಡ ಗಾಡಿ, ಆಯುಧಪೂಜೆ ದಿವಸವೂ ಹಣೆ ಬರಿದಾಗಿ ನಿಂತಿದೆಯಲ್ಲ" ಎಂದು ಗಾಲಿಗೆ ಕುಂಕುಮ ಇಟ್ಟರು. "ಗಾಲಿ ಕೆಳಗೆ ನಿಂಬೆಹಣ್ಣು ಇಡೋದು ಬೇಡವಾ?"

ಇಷ್ಟು ವರ್ಷ ತನಗೇಕೆ ಇದು ಹೊಳೆಯಲಿಲ್ಲ ಎಂದು ಅಂಕಲ್ ಬೆರಗಾಗಿ ನಿಂತರು. ಆಮೇಲೆ ಕಾರಿನ ಕಡೆಗೆ ಓಡಿದರು. ಅವರ ಹಿತ್ತಿಲಲ್ಲಿ ನಿಂಬೆಗಿಡ ಇತ್ತು, ಯಾರಿಗಾದರೂ ಹಂಚಲು ಡಿಕ್ಕಿಯಲ್ಲಿ ಒಂದು ಚೀಲ ಸದಾ ಇರುತ್ತಿತ್ತು. ಒಂದು ಹಣ್ಣು ತಂದು ಗಾಲಿಯ ಮುಂದೆ ಹಳಿಯ ಮೇಲೆ ಇಟ್ಟರು. ಅಷ್ಟರಲ್ಲಿ ಅಲ್ಲಿ ಸ್ವಯಂಸೇವಕನಾಗಿದ್ದ ಅಮೆರಿಕನ್ ಅಜ್ಜ, ಪಟ್ಟೆಪಟ್ಟೆ ಟೋಪಿಯವನು, ಬಂದು ಬಗ್ಗಿ ನೋಡಿದ.

"ಸರ್, ವಾಟ್ ಈಸ್ ದಟ್ ಲೆಮನ್ ಡೂಯಿಂಗ್ ದೇರ್?"

ಅಂಕಲ್ ವಿವರಿಸಿದರು. ನಮ್ಮಲ್ಲಿ ಪೂಜೆ ಮಾಡಿದ ಮೇಲೆ ಗಾಡಿ ಮುಂದಕ್ಕೆ ಹೋಗಿ ಹಣ್ಣನ್ನು ಹಿಂಡಬೇಕು, ಆಗಲೇ ಪೂಜೆ ಮುಗಿದ ಹಾಗೆ ಎಂದರು. ಅಜ್ಜ ಗಂಭೀರವಾಗಿ ಕೇಳಿಸಿಕೊಂಡು, "ಸರ್, ನಾನು ಹುಡುಗನಾಗಿದ್ದಾಗಿನಿಂದ ಇದು ಇಲ್ಲೇ ನಿಂತಿದೆ. ಯುವರ್ ಲೆಮನ್ ಈಸ್ ಸೇಫ್" ಎಂದು ಹೇಳಿ ಹೊರಟುಹೋದ.

ಅಂಕಲ್ ಮುಖ ಸಣ್ಣದಾಯಿತು. ಆ ಎಂಜಿನ್ ಇನ್ನು ಓಡುವುದಿಲ್ಲ ಎಂದು ಅವರ ಎದುರಿಗೆ ಯಾರೂ ಅಷ್ಟು ನೇರವಾಗಿ ಹೇಳಿರಲಿಲ್ಲ. ಅಜ್ಜ ಏನೆಂದ ಎಂದು ಅತ್ತೆ ಕೇಳಿದರು, ನಾನು ಹೇಳಿದೆ. "ಹಾಗಾದರೆ ಪೂಜೆ ಅರ್ಧಕ್ಕೆ ನಿಂತಿತಲ್ಲ! ನೀವು ಏನಾದರೂ ಬಿಡಿ. ಕಾಶಿಗೆ ಹೋದಾಗ ಬಿಡಲ್ವಾ, ಹಾಗೆ. ತುಂಬಾ ಇಷ್ಟವಾದದ್ದನ್ನೇ ಬಿಡಬೇಕು, ಆಗ ನಡೆಯುತ್ತೆ" ಎಂದರು ಅತ್ತೆ.

ಕಾರಿನ ಕಿಟಕಿಯಿಂದ ಆಂಟಿ ಕೂಗಿದರು: "ಮಾತ ಬಿಡ್ರಿ! ಮಾತ ಬಿಡ್ರಿ!"

ಅಂಕಲ್ ನಿಂಬೆಹಣ್ಣನ್ನೇ ನೋಡುತ್ತಾ ನಿಂತಿದ್ದರು. ಅವರಿಗೆ ಬೆಳಿಗ್ಗೆ ಚಿತ್ರಾನ್ನ, ಉಳಿದರೆ ರಾತ್ರಿಯೂ ಅದೇ. ಆಫೀಸಿಗೆ ಅವರು ತರುತ್ತಿದ್ದ ಡಬ್ಬಿ ತೆರೆದರೆ ನಮ್ಮ ಸಾಲಿನವರೆಲ್ಲರಿಗೂ ಹಸಿವಾಗುತ್ತಿತ್ತು. "ಇದು ತನ್ನ ಉಗಿಯಿಂದ್ಲೇ ನಡದು ಒಂದ ನಿಂಬಿಹಣ್ಣ ಹಿಂಡೂತನಕ, ನಾ ಚಿತ್ರಾನ್ನ ತಿನ್ನಂಗಿಲ್ಲ" ಎಂದರು. ಕಾರಿನಲ್ಲಿ ವಾರಪತ್ರಿಕೆ ಮಡಚಿದ ಸದ್ದು ಕೇಳಿಸಿತು.

ಹೋಗಲಿ, ಹುಳಿ ಹಿಂಡುವ ಮೊದಲೇ ಅವರ ಪಾಲು ತೆಗೆದಿಟ್ಟು ಕೊಡೋಣ ಎಂದು ಆಂಟಿ ಒಮ್ಮೆ ಪ್ರಯತ್ನಪಟ್ಟರು. ಅಂಕಲ್ ಎರಡು ತುತ್ತು ತಿಂದು ತಟ್ಟೆ ಸರಿಸಿದರು. "ಹುಳಿ ಇಲ್ಲದ್ದು ಚಿತ್ರಾನ್ನ ಅಲ್ಲ, ಅರಿಷಿಣದ ಅನ್ನ. ಜ್ವರಾ ಬಂದವರಿಗೆ ಹಾಕ್ರಿ" ಎಂದರು. ಅವತ್ತಿನಿಂದ ಅವರ ಮನೆಯಲ್ಲಿ ಚಿತ್ರಾನ್ನವೇ ನಿಂತುಹೋಯಿತು. ಗಿಡದ ಹಣ್ಣೆಲ್ಲ ನಮ್ಮ ಮನೆಗಳಿಗೆ ಬಂದವು. ಪ್ರತಿ ಆಯುಧಪೂಜೆಗೆ ಒಂದು ಮಾತ್ರ ಪೊಮೋನಾಕ್ಕೆ ಹೋಗುತ್ತಿತ್ತು. ಟೋಪಿಯ ಅಜ್ಜ ಮೊದಲು ಗೊಣಗಿದ, ಆಮೇಲೆ ಅವನಿಗೂ ರೂಢಿಯಾಯಿತು. ಒಣಗಿದ ಹಣ್ಣನ್ನು ಇರುವೆ ಮುತ್ತುವ ತನಕ ಎತ್ತುತ್ತಿರಲಿಲ್ಲವಂತೆ.

ನಮ್ಮ ಮನೆಯ ಗೃಹಪ್ರವೇಶದಲ್ಲಿ ನಡೆದದ್ದನ್ನು ಹೇಳದೆ ಹೋದರೆ ಅಂಕಲ್ ಪೂರ್ತಿ ಆಗುವುದಿಲ್ಲ. ಊಟಕ್ಕೆ ಇನ್ನೂ ಹೊತ್ತಿತ್ತು. ಮಂಗಳೂರಿನವರೊಬ್ಬರು, ಪಾಪ ಸುಮ್ಮನೆ ಮರ್ಯಾದೆಗೆ, "ಆ ಕೀಲು ಅಂದರೆ ಎಂಥದ್ದು ಅಂಕಲ್?" ಎಂದು ಕೇಳಿಬಿಟ್ಟರು. ಅಂಕಲ್ ಎಂಟು ಜನರನ್ನು ಎಬ್ಬಿಸಿ ಸಾಲಾಗಿ ನಿಲ್ಲಿಸಿದರು. ಮುಂದಿನ ನಾಲ್ವರು ಮುಂದಿನ ಎಂಜಿನ್, ಹಿಂದಿನ ನಾಲ್ವರು ಹಿಂದಿನ ಎಂಜಿನ್. ಬಾಯ್ಲರ್ ಎಂದು ನಮ್ಮ ಹೊಸ ಜಮಖಾನವನ್ನು ಸುರುಳಿ ಸುತ್ತಿ ಎಲ್ಲರ ಹೆಗಲ ಮೇಲೆ ಹೊರಿಸಿದರು. ಪುರೋಹಿತರು ಮಧ್ಯದಲ್ಲೆಲ್ಲೋ ಸಿಕ್ಕಿಕೊಂಡರು.

"ಹೂಂ, ನಡೀರಿ! ಅಡಗಿ ಮನಿ ಕಡೆ ತಿರುವು ಬಂತು! ಮುಂದಿನವರಷ್ಟ ತಿರುಗ್ರಿ, ಹಿಂದಿನವರು ಸೀದಾ ಬರ್ರಿ!"

ಮುಂದಿನವರು ತಿರುಗಿದರು. ಜಮಖಾನ ತಿರುಗಲಿಲ್ಲ. ಅದು ಹಿಂದಿನವರ ಜೊತೆ ಸೀದಾ ಹೋಗಿ, ಮೂತಿ ಹೊರಗೆ ಚಾಚಿ, ಎದುರಿನ ಕಟ್ಟೆಯ ಮೇಲಿದ್ದ ಪಾಯಸದ ಬೋಗುಣಿಯನ್ನು ನೆಲಕ್ಕೆ ಕೆಡವಿತು. ಮನೆತುಂಬ ಶಾವಿಗೆ. ಎಲ್ಲರೂ ಗರ ಬಡಿದವರಂತೆ ನಿಂತಿದ್ದರೆ ಅಂಕಲ್ ಒಬ್ಬರೇ ಚಪ್ಪಾಳೆ ತಟ್ಟುತ್ತಿದ್ದರು. "ನೋಡಿದ್ರಿಲ್ಲೊ! ಬಾಯ್ಲರ್ ಮೂತಿ ಹೊರಗ ಹೋತು! ಖರೇ ಎಂಜಿನ್ನದ್ದೂ ಹಿಂಗ ಆಗತೈತಿ!" ಆಂಟಿ ಬಟ್ಟೆ ತಂದು ನೆಲ ಒರೆಸುತ್ತಾ, "ಖರೇ ಎಂಜಿನ್ ಪಾಯಸ ಚೆಲ್ಲಂಗಿಲ್ಲ. ಅಷ್ಟ ಶ್ಯಾಣ್ಯಾತನ ಅದಕ್ಕೈತಿ" ಎಂದರು.

೨೦೧೪ರ ಸುಮಾರಿಗೆ ನಂಬಲಾಗದ ಸುದ್ದಿ ಬಂತು. ಆ ಎಂಜಿನ್ನನ್ನು ರಿಪೇರಿ ಮಾಡಿ ಮತ್ತೆ ಓಡಿಸಲು ವಯೋಮಿಂಗಿಗೆ ಒಯ್ಯುತ್ತಾರಂತೆ. ಅದನ್ನು ಎಳೆದು ಹೊರಡಿಸುವ ದಿನ ಅಂಕಲ್ ರಜೆ ಹಾಕಿ ಹೋಗಿ, ಗಾಲಿಯ ಮುಂದೆ ನಿಂಬೆಹಣ್ಣು ಇಟ್ಟರು. ಡೀಸೆಲ್ ಎಂಜಿನ್ ಎಳೆಯಿತು, ಬಿಗ್ ಬಾಯ್ ಕಿರ್ರೆಂದು ಉರುಳಿತು, ಹಣ್ಣು ಅಪ್ಪಚ್ಚಿಯಾಯಿತು. ಟೋಪಿಯ ಅಜ್ಜ ಕಣ್ಣೊರೆಸಿಕೊಳ್ಳುತ್ತಾ, ಇನ್ನು ಶನಿವಾರ ನಾನು ಎಲ್ಲಿಗೆ ಹೋಗಲಿ ಎಂದನಂತೆ.

ಸಂಜೆ ಆಂಟಿಯ ಮನೆಯಲ್ಲಿ ಒಗ್ಗರಣೆಯ ಘಮ. ಮೈಸೂರಿನಿಂದ ನನ್ನ ಅತ್ತೆ ಫೋನ್ ಮಾಡಿ, "ನಾನು ಹೇಳಲಿಲ್ವಾ!" ಎಂದರು. ಆದರೆ ಅಂಕಲ್ ತಟ್ಟೆ ಮುಟ್ಟಲಿಲ್ಲ.

"ಉರುಳಿತಲ್ಲ, ಹಣ್ಣ ಹಿಂಡಿತಲ್ಲ, ಇನ್ನೇನಾಗಬೇಕ್ರಿ ನಿಮಗ? ತಿನ್ರಿ" ಎಂದರು ಆಂಟಿ.

"ಮತ್ತೊಬ್ಬರು ಎಳದದ್ದ ಅದು. ಹೆಣಾ ಹೊತ್ತುಕೊಂಡ ಹ್ವಾದ್ರ ಅದು ನಡದಂಗಾತೇನು? ತನ್ನ ಉಗಿಯಿಂದ ಅಂದೀನಿ ನಾ."

"ಅಲ್ರಿ ಅಂಕಲ್, ದೇವರು ಇಷ್ಟು ಟೆಕ್ನಿಕಲ್ ಆಗಿ ನೋಡ್ತಾನಾ?" ಎಂದು ನಾನೂ ಸೇರಿಸಿದೆ.

"ದೇವರು ನೋಡಂಗಿಲ್ಲ ತಂಗಿ. ನಾ ಎಂಜಿನಿಯರ್, ನಾ ನೋಡತೀನಿ."

ಆಂಟಿ ಚಿತ್ರಾನ್ನವನ್ನು ನನ್ನ ಡಬ್ಬಿಗೆ ತುಂಬಿದರು. ತುಂಬುವಾಗ ಚಮಚದ ಸದ್ದು ಬಹಳ ಜೋರಾಗಿತ್ತು.

ಆಮೇಲೆ ವರ್ಷಗಳು ಹೋದವು. ರಿಪೇರಿ ಮುಗಿಯಲಿಲ್ಲ. ಅಂಕಲ್ ರಿಟೈರ್ ಆದರು, ಬೀಳ್ಕೊಡುಗೆಯಲ್ಲಿ ಆಫೀಸಿನವರು ಅವರಿಗೆ ಅವರದ್ದೇ ರಬ್ಬರ್ ಗಾಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ೨೦೧೮ರಲ್ಲಿ ಒಂದು ಮಧ್ಯಾಹ್ನ ನಿಂಬೆಗಿಡಕ್ಕೆ ನೀರು ಬಿಡುವಾಗ ಎದೆ ಹಿಡಿದುಕೊಂಡು ಕೂತರು. ಬೈಪಾಸ್ ಆಯಿತು. ನೋಡಲು ಹೋದಾಗ ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ್ದರು. ನನ್ನನ್ನು ಕಂಡು ಕೈಯಾಡಿಸಿದರು.

"ಅದೂ ಶೆಡ್ಡಿನ್ಯಾಗ ಐತಿ, ನಾನೂ ಶೆಡ್ಡಿನ್ಯಾಗ ಅದೀನಿ. ಯಾರು ಮೊದ್ಲ ಹೊರಗ ಬರ್ತೀವಿ ನೋಡೂಣು."

ನಾನು ನಕ್ಕೆ. ಆದರೆ ನನಗೆ ಭಯವಾಗಿತ್ತು. ಈ ಮನುಷ್ಯನಿಗೆ ಏನಾದರೂ ಆದರೆ ಏನು ಗತಿ ಎಂದು ಆವತ್ತೇ ಮೊದಲ ಸಲ ಅನ್ನಿಸಿದ್ದು. ಹೊರಗೆ ಕಾರಿಡಾರಿನಲ್ಲಿ ಆಂಟಿ ನನ್ನ ಕೈ ಹಿಡಿದುಕೊಂಡರು. "ಆ ಸುಡುಗಾಡ ಎಂಜಿನ್ ಲಗೂನ ಓಡ್ಲೆವಾ" ಎಂದರು. "ಇವರು ಅದನ್ನ ನೋಡಬೇಕು. ನನ್ನ ಕೈಲಿ ಒಂದ ತುತ್ತ ಚಿತ್ರಾನ್ನ ಉಣಬೇಕು. ಅದಾಗದ ಏನರ ಹೆಚ್ಚುಕಡಿಮಿ ಆದ್ರ, ನಾ ಮುಂದ ಅಡಗಿ ಮನಿಗೆ ಹೆಂಗ ಕಾಲಿಡ್ಲಿ ಹೇಳು?" ಅಷ್ಟು ವರ್ಷ ಸವತಿ ಎಂದು ಬೈದ ಎಂಜಿನ್ನಿಗಾಗಿ ಆಂಟಿ ಹರಕೆ ಹೊತ್ತದ್ದು ಆಗಲೇ. ಏನು ಬಿಟ್ಟರೆಂದು ಯಾರಿಗೂ ಹೇಳಲಿಲ್ಲ.

ಶೆಡ್ಡಿನಿಂದ ಅಂಕಲ್ಲೇ ಮೊದಲು ಹೊರಗೆ ಬಂದರು. ಮರುವರ್ಷ ಅದೂ ಬಂತು. ತನ್ನದೇ ಉಗಿಯಲ್ಲಿ, ತನ್ನದೇ ಕಾಲಿನ ಮೇಲೆ. ೨೦೧೯ರ ದಸರೆಯ ಆಸುಪಾಸಿಗೆ ಅದು ಮರುಭೂಮಿ ದಾಟಿ ನಮ್ಮ ಕಡೆಗೇ ಬರುತ್ತದೆ ಎಂದು ತಿಳಿದಾಗ ಅಂಕಲ್ ನನಗೆ ಫೋನ್ ಮಾಡಿ, ಏನೂ ಮಾತಾಡದೆ ಇಟ್ಟುಬಿಟ್ಟರು. ಆಂಟಿ ಆಮೇಲೆ ಫೋನ್ ಮಾಡಿ ವಿಷಯ ಹೇಳಿದರು.

ಬೆಳಿಗ್ಗೆಯೇ ಹೊರಟೆವು. ನಾನು ಡ್ರೈವ್ ಮಾಡಿದೆ, ಅವರಿಗೆ ಡಾಕ್ಟರು ದೂರದ ಡ್ರೈವಿಂಗ್ ಬೇಡ ಎಂದಿದ್ದರು. ದಿನಾ ಆಫೀಸಿಗೆ ಹೋಗುವ ಅದೇ ಐ-ಹದಿನೈದು, ಇಳಿಯುವ ಕಡೆ ಇಳಿಯದೆ ಸುಮ್ಮನೆ ಉತ್ತರಕ್ಕೆ ಹೋಗುತ್ತಿದ್ದರೆ ಬೆಟ್ಟ ಹತ್ತಿ ಮರುಭೂಮಿಗೆ ಮುಟ್ಟುತ್ತದೆ. ಹಿಂದಿನ ಸೀಟಿನಲ್ಲಿ ಆಂಟಿಯ ತೊಡೆಯ ಮೇಲೆ ಡಬ್ಬಿ. ಒಗ್ಗರಣೆ ಅನ್ನ ಕಲಸಿಯಾಗಿತ್ತು, ಹುಳಿ ಹಿಂಡಿರಲಿಲ್ಲ. ಒಂದು ನಿಂಬೆಹಣ್ಣು ಮತ್ತು ಚಾಕು ಚೀಲದಲ್ಲಿದ್ದವು.

"ಅದು ಬರಲಿ. ಕಣ್ಣಿಲೆ ನೋಡಿದ ಮ್ಯಾಲೆ ಹಿಂಡತೀನಿ. ಹೋದ ಸಲದಂಗ ಆಗೂದು ಬ್ಯಾಡ" ಎಂದರು ಆಂಟಿ.

ಒಂದು ಸಣ್ಣ ಊರಿನಲ್ಲಿ ಎಂಜಿನ್ ಸ್ವಲ್ಪ ಹೊತ್ತು ನಿಲ್ಲುವುದಿತ್ತು. ಅಲ್ಲಿ ಜನವೋ ಜನ. ಹಳಿಗೆ ಯಾರೂ ಹತ್ತಿರ ಹೋಗದಂತೆ ಹಗ್ಗ ಕಟ್ಟಿದ್ದರು. ಅದು ಬಂತು. ಮೊದಲು ನೆಲ ನಡುಗಿತು, ಆಮೇಲೆ ಹೊಗೆ ಕಂಡಿತು, ಆಮೇಲೆ ಊರೇ ಬೆಚ್ಚುವ ಹಾಗೆ ಸಿಳ್ಳು ಹಾಕಿತು. ಕಾರಿನ ಬಾಗಿಲು ತೆಗೆದ ಸದ್ದಾಯಿತು. ತಿರುಗಿ ನೋಡಿದರೆ ಆಂಟಿ ಇಳಿದು ನಿಂತಿದ್ದರು.

ಹಗ್ಗದ ಆಚೆ ಕಿತ್ತಳೆ ಬಣ್ಣದ ಜಾಕೀಟು ಹಾಕಿ ಜನರನ್ನು ಹಿಂದೆ ಸರಿಸುತ್ತಿದ್ದವರಲ್ಲಿ ಒಬ್ಬ ನಮ್ಮ ಟೋಪಿಯ ಅಜ್ಜ. ಇನ್ನಷ್ಟು ಬಗ್ಗಿಹೋಗಿದ್ದ. ಅಂಕಲ್ಲನ್ನು ಕಂಡು ಹತ್ತಿರ ಬಂದ. ಅಂಕಲ್ ಕೈ ಚಾಚಿದರು. ಅಂಗೈಯಲ್ಲಿ ನಿಂಬೆಹಣ್ಣು ಇತ್ತು. ಯಾವಾಗ ಚೀಲದಿಂದ ತೆಗೆದರೋ ನಾವು ಕಂಡಿರಲಿಲ್ಲ.

"ಸರ್, ವಾಟ್ ಈಸ್ ದಟ್ ಲೆಮನ್ ಡೂಯಿಂಗ್ ಹಿಯರ್?" ಎಂದ ಅಜ್ಜ. ಆಮೇಲೆ ಅತ್ತಿತ್ತ ನೋಡಿ, ಹಣ್ಣನ್ನು ಜಾಕೀಟಿನ ಜೇಬಿಗೆ ಹಾಕಿಕೊಂಡು, ನಿಂತಿದ್ದ ಎಂಜಿನ್ನಿನ ಹತ್ತಿರ ನಡೆದು, ಬೂಟಿನ ಲೇಸ್ ಕಟ್ಟುವವನ ಹಾಗೆ ಕೂತು ಎದ್ದು ಬಂದ. "ಟುಡೇ ಯುವರ್ ಲೆಮನ್ ಈಸ್ ನಾಟ್ ಸೇಫ್" ಎಂದ.

ಎಂಜಿನ್ ಹೊರಟಿತು. ಮುಂದಿನ ತಿರುವಿನಲ್ಲಿ ಮುಂದಿನ ಗಾಲಿಗಳು ತಿರುಗಿಕೊಂಡವು, ಬಾಯ್ಲರಿನ ಮೂತಿ ಸೀದಾ ಹೊರಗೆ ಚಾಚಿತು. "ಅಯ್ಯ, ನಮ್ಮ ಪಾಯಸದ ಬೋಗಾಣಿ!" ಎಂದರು ಆಂಟಿ. ಅಂಕಲ್ ಏನೂ ವಿವರಿಸಲಿಲ್ಲ. ಕೈ ಜೋಡಿಸಿಕೊಂಡು ಅಳುತ್ತಿದ್ದರು, ಯಾರು ನೋಡುತ್ತಾರೆಂದು ನೋಡದೆ, ಮಕ್ಕಳು ಅಳುವ ಹಾಗೆ.

ಗಾಡಿ ಪೂರ್ತಿ ಹೋದ ಮೇಲೆ ಆಂಟಿ ಕಾರಿನ ಬಾನೆಟ್ಟಿನ ಮೇಲೆ ಡಬ್ಬಿ ತೆರೆದು ಚೀಲದಲ್ಲಿ ಕೈಯಾಡಿಸಿದರು. ಚಾಕು ಸಿಕ್ಕಿತು.

"ನಿಂಬಿಹಣ್ಣ ಎಲ್ಲೈತ್ರಿ?"

ಅಂಕಲ್ ಹಳಿಯ ಕಡೆ ಕೈ ತೋರಿಸಿದರು. ಅಲ್ಲಿ ಒಂದಿಷ್ಟು ಹಳದಿ ಸಿಪ್ಪೆ ಬಿಸಿಲಿಗೆ ಮಿನುಗುತ್ತಿತ್ತು.

"ಇದ್ದದ್ದ ಒಂದಾ! ಈಗ ಇದಕ್ಕೇನ ಹಿಂಡ್ಲಿ ನಾನು?" ಇಷ್ಟು ವರ್ಷ ಕಾದದ್ದೆಲ್ಲ ಆಂಟಿಯ ಆ ದನಿಯಲ್ಲಿತ್ತು. ಸುತ್ತ ಮರುಭೂಮಿ, ಎಲ್ಲಿಂದ ತರುವುದು ನಿಂಬೆಹಣ್ಣು?

ಅಂಕಲ್ ಡಬ್ಬಿಗೇ ಕೈ ಹಾಕಿದರು. ಒಂದು ದೊಡ್ಡ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು. ಆಮೇಲೆ ಹಲ್ಲು ಚುಳ್ಳೆಂದವರ ಹಾಗೆ ಮುಖ ಹಿಂಡಿದರು.

"ಆಹಾ! ಏನ ಹುಳಿ ಹಿಂಡೀಯಲೇ ಮಾರಾಯ್ತಿ! ಹಲ್ಲ ಜುಮ್ ಅಂತು."

ಆಂಟಿ ನನ್ನ ಮುಖ ನೋಡಿದರು. ನಾನೂ ಒಂದು ತುತ್ತು ತಿಂದೆ. ಅಚ್ಚ ಅರಿಶಿಣದ ಅನ್ನ, ಹುಳಿಯ ಸುಳಿವೇ ಇಲ್ಲ. ಅಂಕಲ್ ಹೇಳಿದ್ದಕ್ಕೆ ಎದುರು ಹೇಳದೆ ನಾನು ಒಂದು ದಿನವೂ ಬಿಟ್ಟವಳಲ್ಲ.

"ಹೌದು ಆಂಟಿ, ಹುಳಿ ಸ್ವಲ್ಪ ಜಾಸ್ತೀನೇ ಆಯ್ತು" ಎಂದೆ.

ಆಂಟಿ ಸೆರಗಿನಿಂದ ಮೂಗು ಒರೆಸಿಕೊಂಡು, ಅಂಕಲ್ ಮುಂದೆ ಡಬ್ಬಿಯನ್ನು ಇನ್ನಷ್ಟು ಸರಿಸಿದರು.

"ಆತು ತಗೋರಿ" ಎಂದರು. "ನಾಳೆ ಒಂದೀಟ ಕಡಿಮಿ ಹಿಂಡತೀನಿ."